ತೋಳಪಟ್ಟಿಗೆ ಒಂದು ದಿನದ ರಜೆ

ಖಂಡೇ ಪೂಜೆಯ ದಿನ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಮೊದಲ ದೀಪ ಆರಿತು. ಹನ್ನೊಂದೂವರೆಯ ಹೊತ್ತಿಗೆ ನೂರಾ ನಲವತ್ತಮೂರು ದೀಪಗಳು ಆರಿದ್ದವು. ಹಬ್ಬದ ದಿನ ಬಾಯಲ್ಲಿ ಬರಬಾರದ ಮಾತುಗಳೆಲ್ಲ ಅಷ್ಟರಲ್ಲಿ ನನ್ನ ಬಾಯಲ್ಲಿ ಬಂದು ಹೋಗಿದ್ದವು.

ದೀಪವೆಂದರೆ ನಿಜವಾದ ದೀಪವಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಗಲದ ಒಂದು ಪರದೆ ಇತ್ತು. ಅದರ ಮೇಲೆ ಇನ್ನೂರಾ ಹನ್ನೆರಡು ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆ ಒಬ್ಬೊಬ್ಬ ಮನುಷ್ಯ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಜನ, ಎಲ್ಲರಿಗೂ ಮೂರ್ಛೆರೋಗ. ಅವರ ಎಡತೋಳಿನಲ್ಲಿ, ನಮ್ಮ ಕಡೆ ತಾಯತ ಕಟ್ಟುವ ಜಾಗದಲ್ಲಿ, ನಾವು ತಯಾರಿಸಿದ ಒಂದು ಪಟ್ಟಿ. ಅದರ ಹೆಸರು ‘ಸುಳಿವು’.

ಫಿಟ್ಸ್ ಬರುವುದಕ್ಕೆ ಸುಮಾರು ಇಪ್ಪತ್ತು ನಿಮಿಷ ಮೊದಲೇ ಮೈಯೊಳಗೆ ಸಣ್ಣ ಬದಲಾವಣೆಗಳು ಆಗುತ್ತವೆ. ಬೆವರಿನ ಉಪ್ಪು, ಚರ್ಮದ ವಿದ್ಯುತ್ತು, ನಾಡಿಬಡಿತಗಳ ನಡುವಿನ ಅಂತರ, ಈ ಮೂರೂ ಒಟ್ಟಿಗೇ ದಾರಿ ತಪ್ಪುತ್ತವೆ. ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಪಟ್ಟಿ ಮೊದಲ ಮೂರು ವಾರ ಸುಮ್ಮನೆ ತೋಳಿನ ಮೇಲಿದ್ದು ಆ ರೀತಿಯನ್ನು ಕಲಿಯುತ್ತದೆ. ಆಮೇಲೆ ಸುಳಿವು ಸಿಕ್ಕ ಕೂಡಲೇ ತೋಳನ್ನು ಮೂರು ಸಲ ತಟ್ಟುತ್ತದೆ. ಅಷ್ಟೇ ಅದರ ಕೆಲಸ. ಅದು ಫಿಟ್ಸ್ ತಡೆಯುವುದಿಲ್ಲ. ಆದರೆ ಒಲೆಯ ಮುಂದಿದ್ದವರು ಎದ್ದು ಬರಬಹುದು, ಗಾಡಿಯ ಮೇಲಿದ್ದವರು ಇಳಿಯಬಹುದು, ಚಾಪೆ ಹಾಸಿ ಮಲಗಬಹುದು.

ನಾನು ಕಸ್ತೂರಿ ಬಳಿಗಾರ, ಆ ಪ್ರಯೋಗದ ಉಸ್ತುವಾರಿ. ಇನ್ನೂರಾ ಹನ್ನೆರಡು ಮಂದಿಯ ಹೆಸರು, ಓಣಿ, ಮನೆಮಂದಿ, ಎಲ್ಲ ನನಗೆ ಬಾಯಿಪಾಠ. ಹನ್ನೊಂದು ತಿಂಗಳು ಮುಗಿದಿತ್ತು. ಇನ್ನು ಬರೀ ನಾಲ್ಕು ವಾರ ಉಳಿದಿತ್ತು.

ಆ ನಾಲ್ಕು ವಾರ ಸುಸೂತ್ರವಾಗಿ ಕಳೆದರೆ ನಮ್ಮ ಪಟ್ಟಿ ಹೊರದೇಶಗಳಿಗೆ ಹೋಗುತ್ತಿತ್ತು. ಜಗತ್ತಿನ ನಲವತ್ತೊಂದು ದೇಶಗಳು ಸೇರಿ ವೈದ್ಯಕೀಯ ಸಾಧನಗಳ ಪರಿಶೀಲನೆಗೆ ಒಂದೇ ಕಚೇರಿ ಮಾಡಿಕೊಂಡು ಆಗ ಏಳು ವರ್ಷವಾಗಿತ್ತು. ಕಚೇರಿ ಎಂದರೆ ಮನುಷ್ಯರು ಕುಳಿತ ಕಚೇರಿಯಲ್ಲ. ಒಂದು ಯಂತ್ರಬುದ್ಧಿ. ಪ್ರಯೋಗದ ಪ್ರತಿ ನಿಮಿಷದ ದಾಖಲೆಯೂ ನೇರವಾಗಿ ಅದಕ್ಕೆ ಹೋಗುತ್ತದೆ, ಅದು ಓದುತ್ತದೆ, ಪ್ರಶ್ನೆ ಕೇಳುತ್ತದೆ, ಕೊನೆಗೆ ಮುದ್ರೆ ಒತ್ತುತ್ತದೆ ಅಥವಾ ಒತ್ತುವುದಿಲ್ಲ. ನಾವು ಅದನ್ನು ‘ಗವಾಕ್ಷಿ’ ಎನ್ನುತ್ತಿದ್ದೆವು. ಅದು ಲಂಚ ತಿನ್ನುವುದಿಲ್ಲ, ರಜೆ ಹಾಕುವುದಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ. ಇಂಥದ್ದೇ ಬೇಕು ಎಂದು ನಾವೇ ಒಂದು ಕಾಲಕ್ಕೆ ಬಯಸಿದ್ದೆವಲ್ಲ, ಈಗ ಅನುಭವಿಸಬೇಕು.

ಅವತ್ತು ಬೆಳಿಗ್ಗೆ ಮನೆಯಲ್ಲೇ ನನಗೆ ಸೂಚನೆ ಸಿಕ್ಕಿತ್ತು, ನಾನು ಗಮನಿಸಲಿಲ್ಲ. ನಮ್ಮ ಅತ್ತೆ ಆಯುಧಪೂಜೆಗೆಂದು ಹೊಲಿಗೆ ಯಂತ್ರ, ಮಿಕ್ಸರ್, ಈಳಿಗೆ, ಸ್ಕೂಟರ್ ಕೀಲಿ ಎಲ್ಲವನ್ನೂ ಜೋಡಿಸಿ ಅವುಗಳ ಸಾಲಿನಲ್ಲಿ ನನ್ನ ಲ್ಯಾಪ್‌ಟಾಪನ್ನೂ ಇಟ್ಟು ಕುಂಕುಮ ಹಚ್ಚಿದ್ದರು.

“ಇವತ್ತೊಂದ ದಿನಾ ಅದನ್ನ ಮುಟ್ಟಬ್ಯಾಡವಾ. ಅದಕ್ಕೂ ದಣಿವು ಅನ್ನೂದ ಇರತೈತಿ,” ಎಂದರು.

“ಅತ್ತಿ, ನನಗ ಕೆಲಸಾ ಐತ್ರಿ,” ಎಂದು ನಾನು ಅದನ್ನು ಪೂಜೆಯ ಸಾಲಿನಿಂದಲೇ ಎತ್ತಿಕೊಂಡು ಬಂದಿದ್ದೆ. ಚೆಂಡುಹೂವಿನ ಒಂದು ಎಸಳು ಅದರ ಕೀಲಿನಲ್ಲಿ ಸಿಕ್ಕಿಕೊಂಡು ಕಚೇರಿಗೂ ಬಂದಿತ್ತು.

ಕೊಠಡಿಯಲ್ಲಿ ನಮ್ಮ ಎಂಜಿನಿಯರ್ ವೀರೇಶ ತೋಟಗೇರ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. ಮೊದಲು ಸರ್ವರ್ ಕೆಟ್ಟಿರಬೇಕು ಎಂದ. ಸರ್ವರ್ ಸರಿಯಿತ್ತು. ಹೊಸ ತಂತ್ರಾಂಶದ ತಪ್ಪಿರಬೇಕು ಎಂದ. ಅದೂ ಅಲ್ಲ. ಒಂದೇ ಕಾರ್ಖಾನೆಯ ಬ್ಯಾಟರಿಗಳು ಒಂದೇ ದಿನ ಸಾಯುವುದುಂಟೇ ಎಂದು ನಾವಿಬ್ಬರೂ ಪರಸ್ಪರ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಗವಾಕ್ಷಿಯ ಮೊದಲ ಪ್ರಶ್ನೆ ಬಂದೇಬಿಟ್ಟಿತು. “೧೪೩ ಸಾಧನಗಳು ಎರಡೂವರೆ ಗಂಟೆಯೊಳಗೆ ನಿಂತಿವೆ. ಕಾರಣದ ಸಂಕೇತ ಸೂಚಿಸಿ.”

ನಾನು ಫೋನು ತೆಗೆದುಕೊಂಡು ಫಕ್ಕೀರವ್ವನಿಗೆ ಕರೆ ಮಾಡಿದೆ.

ಫಕ್ಕೀರವ್ವ ಅಣ್ಣಿಗೇರಿ ಹಳೇ ಹುಬ್ಬಳ್ಳಿಯಲ್ಲಿ ರೊಟ್ಟಿ ಕೇಂದ್ರ ನಡೆಸುವ ಹೆಂಗಸು. ವಯಸ್ಸು ಮೂವತ್ತಾರು. ನಾಲ್ಕು ಒಲೆ, ನಾಲ್ಕು ಹೆಂಗಸರು, ದಿನಕ್ಕೆ ಏಳುನೂರು ಜೋಳದ ರೊಟ್ಟಿ. ಮೂರು ವರ್ಷದ ಹಿಂದೆ ಹಂಚಿನ ಮುಂದೆ ಫಿಟ್ಸ್ ಬಂದು, ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತ್ತು. ಆಮೇಲೆ ಉಳಿದವರು ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ತನ್ನದೇ ಕೇಂದ್ರದಲ್ಲಿ ಮೂಲೆಯಲ್ಲಿ ಕುಳಿತು ಬುಟ್ಟಿಗೆ ಅರಿವೆ ಮುಚ್ಚುವ ಕೆಲಸ. ಪಟ್ಟಿ ಕಟ್ಟಿಕೊಂಡ ಮೇಲೆ ಮತ್ತೆ ಒಲೆಯ ಮುಂದೆ ಕುಳಿತಳು. ಈ ಹನ್ನೊಂದು ತಿಂಗಳಲ್ಲಿ ಪಟ್ಟಿ ಒಂಬತ್ತು ಸಲ ತಟ್ಟಿತ್ತು. ಒಂಬತ್ತು ಸಲವೂ ಎದ್ದು, ಹಂಚನ್ನು ಜೊತೆಯ ಶಿವಕ್ಕನಿಗೆ ಒಪ್ಪಿಸಿ, ಒಳಗೆ ಚಾಪೆಯ ಮೇಲೆ ಮಲಗಿ, ಬಂದದ್ದು ಹೋದ ಮೇಲೆ ಮುಖ ತೊಳೆದು ಮತ್ತೆ ಬಂದು ಕುಳಿತಿದ್ದಳು. ಮೈ ಸಾಸಿವೆಯಷ್ಟೂ ಸುಟ್ಟಿರಲಿಲ್ಲ.

“ಫಕ್ಕೀರವ್ವಾ, ಪಟ್ಟಿ ಎಲ್ಲೈತಿ?”

“ಪೂಜಾಕ್ಕ ಇಟ್ಟೀನ್ರಿ ಮೇಡಮ್ಮಾರ.” ಅವಳ ದನಿಯಲ್ಲಿ ಹಬ್ಬದ ಸಂಭ್ರಮವಿತ್ತು. “ಹಂಚು, ಹಿಟ್ಟ ನಾದೂ ಕೊಣಮಿಗಿ, ಚಮಚಾ, ಎಲ್ಲಾ ತೊಳದು ಇಟ್ಟು, ನಟ್ಟನಡಕ ಅದನ್ನ ಇಟ್ಟೀನಿ. ಅರಿಷಿಣಾ ಕುಂಕಮಾ ಹಚ್ಚಿ, ಕಾಯಿ ಒಡದೀವ್ರಿ.”

“ಯಾರ ಹೇಳಿದ್ರು ತಗೀ ಅಂತ?”

“ಅಲ್ರೀ, ನೀವ…”

“ಹನ್ನೊಂದ ತಿಂಗಳು ಹೇಳೇನಿ, ಜಳಕಾ ಮಾಡಬೇಕಾದರೂ ತಗೀಬ್ಯಾಡ್ರಿ ಅಂತ! ಅಷ್ಟೂ ತಿಳೀಲಿಲ್ಲೇನು ನಿಮಗ? ಈಗಿಂದೀಗ ಹಾಕ್ಕೋ!”

“ಸಂಜೀ ಆರತಿ ಆಗಲಾರದ ಹೆಂಗ ಎತ್ತೂದ್ರಿ? ಅದಕ್ಕೂ ಒಂದ ದಿನಾ ಆರಾಮ ಬ್ಯಾಡೇನ್ರಿ, ವರ್ಷಾ ಪೂರ್ತಿ ದುಡದೈತಿ,” ಎಂದಳು ಮೆಲ್ಲಗೆ.

ನಾನು ಫೋನು ಕುಕ್ಕಿದೆ. ಎರಡನೆಯ ಕರೆಯೂ ಅದೇ, ಮೂರನೆಯದೂ ಅದೇ. ಗದಗಿನ ಗ್ಯಾರೇಜಿನ ಮೌಲಾಸಾಬ ನದಾಫ ಕೂಡ, “ಹೌದ್ರಿ, ಪಾನಾ, ಜಾಕು ಎಲ್ಲಾದರ ಜೋಡಿ ಅದನ್ನೂ ಇಟ್ಟೀವಿ. ಗ್ಯಾರೇಜಿನ ಪದ್ಧತಿ ನೋಡ್ರಿ, ನಮ್ಮ ಅಪ್ಪನ ಕಾಲದಿಂದ,” ಎಂದ. ಅವರಿಗೆಲ್ಲ ಬೈದೆ. ಬೈಯುತ್ತಾ ತಲೆ ಎತ್ತಿದರೆ ಮೂಲೆಯಲ್ಲಿ ನಮ್ಮದೇ ಸರ್ವರಿನ ನೆತ್ತಿಯ ಮೇಲೆ ಕುಂಕುಮ, ಚೆಂಡುಹೂವು, ಕೆಳಗೆ ಒಡೆದ ಕುಂಬಳಕಾಯಿ. ವೀರೇಶ ಬೆಳಿಗ್ಗೆಯೇ ಪೂಜೆ ಮುಗಿಸಿದ್ದ. ಯಾರ ಮೇಲೆ ಸಿಟ್ಟು ಮಾಡುವುದು?

ಮರುದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಚುಕ್ಕೆಗಳೂ ಮತ್ತೆ ಹಸಿರಾದವು. ಬನ್ನಿ ತಂದುಕೊಟ್ಟು “ಬಂಗಾರದಂಗ ಇರೂಣ್ರಿ” ಎಂದು ನನಗೆ ಕೈಮುಗಿದು ಹೋದವರೂ ಇದ್ದರು. ಆ ಒಂದು ದಿನದಲ್ಲಿ ನೂರಾ ನಲವತ್ತಮೂರು ಮಂದಿಯಲ್ಲಿ ಏಳು ಜನರಿಗೆ ಸೂಚನೆಯಿಲ್ಲದೆ ಫಿಟ್ಸ್ ಬಂದಿತ್ತು. ಒಬ್ಬರಿಗೂ ಗಾಯವಾಗಿರಲಿಲ್ಲ. ಆಗುವುದು ಹೇಗೆ? ಅವರ ಒಲೆಗೂ ಅವತ್ತು ರಜೆ, ಗಾಡಿಗೂ ರಜೆ, ಗರಗಸಕ್ಕೂ ರಜೆ. ಪಟ್ಟಿ ಕಾಯಬೇಕಾದ ಅಪಾಯಗಳೆಲ್ಲ ಪಟ್ಟಿಯ ಪಕ್ಕದಲ್ಲೇ ಕುಂಕುಮ ಹಚ್ಚಿಕೊಂಡು ಕುಳಿತಿದ್ದವು. ಇದನ್ನು ನಾನು ಗವಾಕ್ಷಿಗೆ ಬಹಳ ಆಸೆಯಿಂದ ವಿವರಿಸಿ ಬರೆದೆ. ಎರಡು ಪುಟ. ನಮ್ಮ ಕಡೆ ವರ್ಷಕ್ಕೊಮ್ಮೆ ದುಡಿಮೆಯ ಸಾಧನಗಳನ್ನು ಪೂಜಿಸಿ ವಿಶ್ರಾಂತಿ ಕೊಡುವ ಹಬ್ಬವಿದೆ, ಜನ ಪಟ್ಟಿಯನ್ನು ತಿರಸ್ಕರಿಸಿದ್ದಲ್ಲ, ಮನೆಯ ಸಾಧನಗಳ ಸಾಲಿಗೆ ಸೇರಿಸಿಕೊಂಡಿದ್ದಾರೆ, ಇದಕ್ಕಿಂತ ದೊಡ್ಡ ಒಪ್ಪಿಗೆ ಯಾವ ಪ್ರಯೋಗದಲ್ಲೂ ಸಿಕ್ಕಿರಲಾರದು ಎಂದೆಲ್ಲ.

ನಲವತ್ತು ಸೆಕೆಂಡಿನಲ್ಲಿ ಉತ್ತರ ಬಂತು. “ವಿವರಣೆ ಸ್ವೀಕರಿಸಲಾಗಿದೆ. ಸಂಕೇತ ಸೂಚಿಸಿ.”

ಸಂಕೇತಗಳ ಪಟ್ಟಿ ತೆರೆದೆ. ಅರವತ್ತನಾಲ್ಕು ಇದ್ದವು. ಭೂಕಂಪಕ್ಕೆ ಒಂದು, ಯುದ್ಧಕ್ಕೆ ಒಂದು, ಸಾಕುಪ್ರಾಣಿ ಸಾಧನವನ್ನು ನುಂಗಿದ್ದಕ್ಕೆ ಒಂದು. ನಾಯಿ ನುಂಗಿದರೆ ಕಾರಣ ಇದೆ, ಮನುಷ್ಯ ಕೈಮುಗಿದರೆ ಇಲ್ಲ. ಆಮೇಲೆ ಪ್ರಶ್ನೆಗಳ ಸರಮಾಲೆ. “ಹಿಂತಿರುಗಿ ಚಾಲೂ ಆದ ಸಾಧನಗಳ ಮೇಲೆ ಕೆಂಪು ಹಾಗೂ ಹಳದಿ ಪುಡಿ ಪತ್ತೆಯಾಗಿದೆ. ರಾಸಾಯನಿಕ ವಿವರ ಕೊಡಿ.” ವೀರೇಶ ಸರ್ವರಿನ ನೆತ್ತಿಯಿಂದ ಕುಂಕುಮ ಕೆರೆದು ಪರೀಕ್ಷೆಗೆ ಕಳಿಸಿದ. “ಈ ವಿಶ್ರಾಂತಿ ಮುಂದಿನ ವಾರವೂ ಇದೆಯೇ?” ಇಲ್ಲ. “ಸಾಧನಕ್ಕೆ ಇಂಥ ವಿಶ್ರಾಂತಿ ಕೊಡಬೇಕೆಂದು ಪ್ರಯೋಗದ ತಂಡವು ಸೂಚಿಸಿತ್ತೇ? ಹೌದು ಅಥವಾ ಇಲ್ಲ.”

“ಇಲ್ಲ” ಎಂದು ಒತ್ತಿದೆ. ಎಷ್ಟು ಜೋರಾಗಿ ಒತ್ತಿದೆನೆಂದರೆ ಬೆರಳು ನೋಯಿತು.

ಕೊನೆಗೆ ಮೂರು ಸಂಕೇತಗಳು ಉಳಿದವು. ಹನ್ನೊಂದು, ಸಾಧನದ ದೋಷ. ಅದನ್ನು ಒತ್ತಿದರೆ ಸುಳಿವಿನ ಕಥೆ ಅಲ್ಲಿಗೇ ಮುಗಿಯಿತು. ನಲವತ್ತು, ತಂಡದ ಲೋಪ. ಅದಕ್ಕೆ ಲೋಪ ಯಾವುದು, ಯಾರದು ಎಂದು ತೋರಿಸಬೇಕು, ನಮ್ಮಲ್ಲಿ ಅಂಥದ್ದು ಯಾವುದೂ ನನಗೆ ಕಾಣಲಿಲ್ಲ. ಇಪ್ಪತ್ತೇಳು, ಭಾಗವಹಿಸಿದವರ ಶಿಸ್ತುಭಂಗ.

ಕಂಪನಿ ಕಟ್ಟಿದವರು ಡಾಕ್ಟರ್ ಶ್ರೀಪಾದ ಹುದ್ದಾರ. ಧಾರವಾಡದವರು, ನರರೋಗದ ತಜ್ಞರು, ಹದಿನಾಲ್ಕು ವರ್ಷ ಈ ಪಟ್ಟಿಯ ಹಿಂದೆ ಬಿದ್ದು ಕೂದಲು ಬೆಳ್ಳಗೆ ಮಾಡಿಕೊಂಡವರು. ಅವರು ನಿಯಮದ ಪುಸ್ತಕ ತೆರೆದು ನನ್ನ ಮುಂದೆ ತಿರುಗಿಸಿದರು.

“ಇಪ್ಪತ್ತೇಳು ಹಾಕ್ರಿ. ಆ ನೂರಾ ನಲವತ್ತಮೂರು ಮಂದಿ ಲೆಕ್ಕದಿಂದ ಹೊರಗ ಹೋಗತಾರ. ಅರವತ್ತೊಂಬತ್ತು ಉಳೀತಾರ. ಗವಾಕ್ಷಿಗೆ ಅರವತ್ತು ಸಾಕು. ಮುದ್ರಿ ಬಿದ್ದೇ ಬೀಳತದ.”

“ಸರ್, ಶಿಸ್ತುಭಂಗ ಅಂದ್ರ ಅವರ ಪಟ್ಟಿ ವಾಪಸ ತಗೋಬೇಕಾಗತೈತಿ.”

ಅದೇ ಇದ್ದದ್ದು ಸಂಕಟ. ಪ್ರಯೋಗ ಮುಗಿಸಿದವರು ಬದುಕಿರುವವರೆಗೂ ಪಟ್ಟಿ ಅವರದೇ, ದುರಸ್ತಿಯೂ ನಮ್ಮದೇ ಎಂದು ಬರೆದುಕೊಟ್ಟಿದ್ದೆವು. ಶಿಸ್ತು ಮುರಿದವರಿಗೆ ಮಾತ್ರ ಇಲ್ಲ. ಮೂವತ್ತು ದಿನದೊಳಗೆ ಬಿಚ್ಚಿಸಿಕೊಳ್ಳಬೇಕು.

“ಗೊತ್ತದ,” ಎಂದರು ಹುದ್ದಾರರು. ದನಿ ತಗ್ಗಿತ್ತು. “ಆದ್ರ ಅವರು ತಗದದ್ದು ಖರೇ ಹೌದಲ್ರೀ? ನಾವೇನು ಸುಳ್ಳು ಬರೀಲಿಕ್ಕತ್ತಿಲ್ಲ.”

ಅದು ನಿಜವೇ ಆಗಿತ್ತು. ಹನ್ನೊಂದು ತಿಂಗಳು ಗಿಣಿಗೆ ಹೇಳಿದ ಹಾಗೆ ಹೇಳಿದ್ದೆ, ಆದರೂ ತೆಗೆದರು. ನನಗೂ ಅವರ ಮೇಲೆ ಸಿಟ್ಟಿತ್ತು. ಇಪ್ಪತ್ತೇಳು ಒತ್ತಿದೆ.

ಆಮೇಲಿನ ಹತ್ತು ದಿನ ಪಟ್ಟಿ ಬಿಚ್ಚಿಸುವ ಕೆಲಸ. ಕಂಪನಿಯಲ್ಲಿ ಬೇರೆಯವರನ್ನು ಕಳಿಸಬಹುದಿತ್ತು, ಕಟ್ಟಿದ ಕೈಯೇ ಬಿಚ್ಚಲಿ ಎಂದು ನಾನೇ ಹೊರಟೆ. ಮೌಲಾಸಾಬ ಗ್ಯಾರೇಜಿನಲ್ಲಿ ಕೈ ಒರೆಸಿಕೊಂಡು ಬಂದು ಮಾತಿಲ್ಲದೆ ತೋಳು ಚಾಚಿದ. ಧಾರವಾಡದ ಕಾಲೇಜು ಹುಡುಗಿಯೊಬ್ಬಳು, “ನಾಳಿಂದ ಸೈಕಲ್ ಬ್ಯಾಡಲ್ರೀ ಅಕ್ಕಾ?” ಎಂದು ಕೇಳಿದಳು, ನಾನು ರಸೀದಿ ಬರೆಯುವ ನೆಪದಲ್ಲಿ ತಲೆ ತಗ್ಗಿಸಿದೆ. ಮೂವತ್ತೆಂಟು ಮನೆ ಮುಗಿಯಿತು. ಜಗಳವಾಡುತ್ತಾರೆ ಎಂದು ತಯಾರಾಗಿ ಹೋಗುತ್ತಿದ್ದೆ. ಒಬ್ಬರಾದರೂ ಜಗಳವಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮೂವತ್ತೊಂಬತ್ತನೆಯದು ಫಕ್ಕೀರವ್ವನದು. ನಾನು ಹೋದಾಗ ನಾಲ್ಕೂ ಒಲೆ ಉರಿಯುತ್ತಿದ್ದವು, ಟಪಟಪ ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೂ ಕೇಳುತ್ತಿತ್ತು. ನನ್ನನ್ನು ನೋಡಿ ಅವಳು ತಾನೇ ಎದ್ದಳು. ಯಾರೋ ಸುದ್ದಿ ಮುಟ್ಟಿಸಿದ್ದರು.

ಒಳಗೆ ಹೋಗಿ ಪಟ್ಟಿ ಬಿಚ್ಚಿ, ಒದ್ದೆ ಅರಿವೆಯಿಂದ ಒರೆಸಿ, ಒಗೆದ ಕುಪ್ಪಸದ ಕಣದಲ್ಲಿ ಸುತ್ತಿಕೊಂಡು ತಂದಳು. ತೋಳಿನ ಮೇಲೆ ಪಟ್ಟಿ ಇದ್ದ ಜಾಗ ಬೆಳ್ಳಗಿತ್ತು, ಅದರ ಕೆಳಗೆ ಸುಟ್ಟ ಕಲೆ. ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು.

ಹೊರಗಿನಿಂದ ಶಿವಕ್ಕ ಕೂಗಿದಳು. “ಫಕ್ಕೀರಿ, ಇನ್ನ ನೀ ಒಲಿ ಮುಂದ ಕುಂದ್ರಬ್ಯಾಡವಾ. ಬುಟ್ಟಿ ಕಡೆ ಬಾ.”

“ಬಂದ್ನಿ,” ಎಂದಳು ಫಕ್ಕೀರವ್ವ. ಅಷ್ಟು ಸುಲಭವಾಗಿ ಅಂದಳು.

ನನಗೆ ತಡೆಯಲಾಗಲಿಲ್ಲ. “ಅಷ್ಟ ಹೇಳಿದ್ರೂ ಯಾಕ ತಗದೀ ಫಕ್ಕೀರವ್ವಾ? ನೀ ಬರೀ ಒಂದ ದಿನಾ ತಡಕೊಂಡಿದ್ರ ಇದು ಸಾಯೋತನಾ ನಿನ್ನ ತೋಳಾಗ ಇರತಿತ್ತು. ನಿನ್ನ ಕೈಯಾರೆ ನೀನ ಕಳಕೊಂಡಿ!”

ಅವಳು ನನ್ನ ಮುಖ ನೋಡಿದಳು. ಆಮೇಲೆ ಸೆರಗಿನ ಗಂಟಿನಿಂದ ಫೋನು ತೆಗೆದು, ಹಿಟ್ಟು ಮೆತ್ತಿದ ಬೆರಳಿನಲ್ಲಿ ಹುಡುಕಿ, ನನ್ನ ಮುಂದೆ ಹಿಡಿದಳು.

ಖಂಡೇ ಪೂಜೆಯ ಹಿಂದಿನ ಸಂಜೆಯ ಸಂದೇಶ. “ಖಂಡೇ ಪೂಜೆಯ ಹಾರ್ದಿಕ ಶುಭಾಶಯಗಳು. ನಮ್ಮ ದುಡಿಮೆಗೆ ಜೊತೆಯಾದ ಎಲ್ಲ ಆಯುಧಗಳಿಗೂ ನಾಳೆ ನಮಸ್ಕರಿಸೋಣ. ‘ಸುಳಿವು’ ಕೂಡ ನಿಮ್ಮ ಆಯುಧವೇ, ಮರೆಯದಿರಿ! ಇಂತಿ ನಿಮ್ಮ ಕಸ್ತೂರಿ ಬಳಿಗಾರ.”

ಯುಗಾದಿಗೆ, ರಂಜಾನಿಗೆ, ಕ್ರಿಸ್‌ಮಸ್ಸಿಗೆ, ನಾಗರಪಂಚಮಿಗೆ ನಾನು ನನ್ನ ಸ್ವಂತ ಫೋನಿನಿಂದ ಎಲ್ಲರಿಗೂ ಶುಭಾಶಯ ಕಳಿಸುತ್ತಿದ್ದೆ. ಹಬ್ಬಕ್ಕೊಂದು ಮಾತು ಹೇಳದವರ ಹತ್ತಿರ ನಮ್ಮ ಜನ ಮನಸ್ಸು ಬಿಚ್ಚುವುದಿಲ್ಲ. ಒಪ್ಪಿಗೆಯಿಲ್ಲದ ಯಾವ ಸಂದೇಶವನ್ನೂ ಭಾಗವಹಿಸಿದವರಿಗೆ ಕಳಿಸಬಾರದು ಎಂದು ನಿಯಮದ ಪುಸ್ತಕದಲ್ಲಿ ಇತ್ತು. ಶುಭಾಶಯವೂ ಸಂದೇಶವೇ ಎಂದು ನನಗೆ ಹೊಳೆದಿರಲಿಲ್ಲ. ಅವತ್ತು ಸಂಜೆ ಬಸ್ಸಿನಲ್ಲಿ ನಿಂತುಕೊಂಡು, ಚಂದ ಕಾಣಲಿ ಎಂದು ಆ ಕೊನೆಯ ಸಾಲು ಸೇರಿಸಿದ್ದೆ. ಕಳಿಸಿದ ಎರಡೇ ನಿಮಿಷಕ್ಕೆ ಮರೆತೂ ಹೋಗಿದ್ದೆ.

“ನಮ್ಮ ಓಣ್ಯಾಗ ಐದ ಮಂದಿಗೆ ಬಂದಿತ್ರಿ,” ಎಂದಳು ಫಕ್ಕೀರವ್ವ. “ಒಬ್ಬರಿಗೊಬ್ಬರು ತೋರಿಸಿದ್ವಿ. ಮೇಡಮ್ಮಾರ ಬರದಾರಂದ್ರ ಮಾಡಬೇಕ ಅಂದ್ವಿ. ಆಯುಧಾ ಅಂದಮ್ಯಾಲ ಮೈಮ್ಯಾಲ ಇಟಗೊಂಡು ಪೂಜಾ ಮಾಡೂದು ಹೆಂಗ್ರಿ? ಇಳಿಸಿ ಇಟ್ವಿ.”

“ಅವತ್ತ ಫೋನ್ಯಾಗ ಯಾಕ ಹೇಳಲಿಲ್ಲ ಇದನ್ನ?”

“ಹೇಳಾಕ ಬಂದ್ನಿ. ನೀವು ಸಿಟ್ಟಿನ್ಯಾಗ ಇದ್ರಿ.” ಅವಳು ಫೋನನ್ನು ಮತ್ತೆ ಗಂಟಿಗೆ ಕಟ್ಟಿದಳು. “ಆಮ್ಯಾಲ ಎಲ್ಲಾರೂ ಮಾತಾಡ್ಕೊಂಡ್ವಿ. ಮ್ಯಾಲಿನವರು ಕೇಳಿದ್ರ ಮೇಡಮ್ಮಾರ ನೌಕರಿಗೆ ತ್ರಾಸ ಆಕ್ಕೈತಿ, ಯಾರೂ ಬಾಯಿ ಬಿಡೂದ ಬ್ಯಾಡ ಅಂತ.”

ಮೂವತ್ತೆಂಟು ಮನೆಗಳು ನನ್ನ ಕಣ್ಣ ಮುಂದೆ ಬಂದವು. ಮಾತಿಲ್ಲದೆ ತೋಳು ಚಾಚಿದ ಮೌಲಾಸಾಬ. ಸೈಕಲ್ ಬೇಡವಲ್ಲ ಎಂದ ಹುಡುಗಿ. ಅವರೆಲ್ಲರ ಫೋನಿನಲ್ಲೂ ಅದು ಇತ್ತು. ಎಲ್ಲರಿಗೂ ಗೊತ್ತಿತ್ತು. ನಾನು ಫೋನಿನಲ್ಲಿ ಬೈದಿದ್ದೆ, ಅವರು ಬೈಸಿಕೊಂಡಿದ್ದರು. ಹೊಗೆಗೆ ಕಣ್ಣು ಉರಿಯುತ್ತಿದೆ ಎಂದು ಸುಳ್ಳು ಹೇಳಿದೆ.

ಫಕ್ಕೀರವ್ವ ಹತ್ತು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಬೇಡವೆಂದರೂ ಬಿಡಲಿಲ್ಲ.

ಮಧ್ಯಾಹ್ನ ಹುದ್ದಾರರ ಕೋಣೆಯಲ್ಲಿ ಸಂದೇಶವನ್ನು ತೋರಿಸಿ, “ಸಂಕೇತ ಬದಲಾಯಿಸ್ತೀನಿ ಸರ್, ನಲವತ್ತು,” ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹುಚ್ಚು ಹಿಡದದ ಏನ್ರೀ ನಿಮಗ? ಇದು ನಿಮ್ಮ ಸ್ವಂತ ಫೋನು. ಗವಾಕ್ಷಿಗೆ ಗೊತ್ತೇ ಇಲ್ಲ. ಆ ಜನಾನೂ ಹೇಳೂದಿಲ್ಲ ಅಂತೀರಿ.”

“ಅದಕ್ಕ ಸರ್.”

“ನಲವತ್ತು ಅಂದ್ರ ಮರುತನಿಖಿ. ನಾಲ್ಕು ತಿಂಗಳು ತಡಾ. ನಲವತ್ತೊಂದು ದೇಶದಾಗ ಎಷ್ಟು ಲಕ್ಷ ಮಂದಿ ಇದಕ್ಕ ಕಾಯಲಿಕ್ಕತ್ತಾರ? ಈ ನಾಲ್ಕು ತಿಂಗಳಾಗ ಅವರೊಳಗ ಎಷ್ಟು ಮಂದಿ ಬೆಂಕ್ಯಾಗ ಬೀಳತಾರ, ನೀರಾಗ ಬೀಳತಾರ? ನಿಮ್ಮ ಫಕ್ಕೀರವ್ವ ಒಬ್ಬಾಕಿನೇ ಏನು ರೋಗಿ?”

ಆ ದೇಶಗಳ ಯಾವುದೋ ಅಡುಗೆಮನೆಯಲ್ಲಿ ಇನ್ನೊಬ್ಬ ಫಕ್ಕೀರವ್ವ ಇರುತ್ತಾಳೆ ಎಂದು ನನಗೂ ಗೊತ್ತಿತ್ತು. ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಇವಳ ತೋಳಿನಿಂದ ಬಿಚ್ಚಿದ್ದು ನನ್ನ ಚೀಲದಲ್ಲೇ, ರೊಟ್ಟಿಯ ಗಂಟಿನ ಪಕ್ಕದಲ್ಲಿ ಇತ್ತು.

“ನಾನ ಹೇಳೇನಿ, ಅವರು ಕೇಳ್ಯಾರ,” ಎಂದೆ. “ಹೇಳಿದ ಮಾತು ಕೇಳಿದ್ದಕ್ಕ ಅವರಿಗೆ ಶಿಸ್ತುಭಂಗ ಅಂತ ಬರದು ನಾ ಹೆಂಗ ಕುಂದ್ರಲಿ ಸರ್?”

ಅವರು ಕುರ್ಚಿ ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿದರು. ಅದನ್ನೇ ಒಪ್ಪಿಗೆ ಎಂದುಕೊಂಡು ಬಂದೆ.

ನಿಯಂತ್ರಣ ಕೊಠಡಿಯಲ್ಲಿ ಗವಾಕ್ಷಿಯ ಪುಟ ತೆರೆದೆ. ಹಳೆಯ ಉತ್ತರ ತಪ್ಪೆಂದು ಒಪ್ಪಿಕೊಂಡೆ. ಲೋಪ ಎಸಗಿದವರ ಹೆಸರು ಕೇಳಿತು, ಬರೆದೆ. ಲೋಪದ ಉದ್ದೇಶ ಆಯ್ಕೆ ಮಾಡಿ ಎಂದಿತು. ಲಾಭ, ದುರುದ್ದೇಶ, ನಿರ್ಲಕ್ಷ್ಯ. ಮೂರೇ ಇದ್ದವು. ಹಬ್ಬಕ್ಕೆ ಜನರನ್ನು ಮಾತಾಡಿಸದೆ ಇರಬಾರದು ಅನ್ನುವುದಕ್ಕೆ ನಾಲ್ಕನೆಯ ಸಾಲು ಇರಲಿಲ್ಲ. ನಿರ್ಲಕ್ಷ್ಯ ಎಂದು ಒತ್ತಿದೆ. ವೀರೇಶ ಹಿಂದೆ ನಿಂತು ನೋಡುತ್ತಿದ್ದವನು, “ಅಕ್ಕಾ, ಚಾ ತರ್ಲೇನ್ರಿ?” ಎಂದ.

ತೀರ್ಪು ಮೂರು ವಾರದಲ್ಲಿ ಬಂತು. ನೂರಾ ನಲವತ್ತಮೂರು ಮಂದಿಯ ಮೇಲಿನ ಶಿಸ್ತುಭಂಗ ರದ್ದು. ಆ ಒಂದು ದಿನದ ದಾಖಲೆ ಮಾತ್ರ ಲೆಕ್ಕಕ್ಕಿಲ್ಲ. ಮರುತನಿಖೆ ನಾಲ್ಕು ತಿಂಗಳು. ಕಸ್ತೂರಿ ಬಳಿಗಾರ ಎಂಬವರು ಹತ್ತು ವರ್ಷ ಯಾವುದೇ ಪ್ರಯೋಗದಲ್ಲಿ ಕೆಲಸ ಮಾಡುವಂತಿಲ್ಲ, ಮತ್ತು ಪ್ರಯೋಗದಲ್ಲಿ ಭಾಗವಹಿಸಿದ ಯಾರಿಗೂ ಸಾಧನದ ಬಗ್ಗೆ ಯಾವ ಸೂಚನೆಯನ್ನೂ ಕೊಡುವಂತಿಲ್ಲ. ಬಿಚ್ಚಿದ ಮೂವತ್ತೊಂಬತ್ತು ಪಟ್ಟಿಗಳನ್ನು ವೀರೇಶ ಮತ್ತೆ ಕಟ್ಟಿಬಂದ. ನಾನು ಹೋಗುವಂತಿರಲಿಲ್ಲ.

ಈಗ ನಾನು ಒಂದು ಖಾಸಗಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಪಟ್ಟಿ ಹೊರದೇಶಗಳಲ್ಲಿ ಬಿಡುಗಡೆಯಾದ ದಿನ ಹುದ್ದಾರರು ಒಂದು ಚಿತ್ರ ಕಳಿಸಿದ್ದರು. ಮಂಜು ಬಿದ್ದ ಊರು, ದಪ್ಪ ಕೋಟಿನ ಮುದುಕಿಯೊಬ್ಬಳು ತೋಳು ಎತ್ತಿ ತೋರಿಸಿ ನಗುತ್ತಿದ್ದಳು. ಚಿತ್ರದ ಕೆಳಗೆ ಒಂದು ಮಾತೂ ಬರೆದಿರಲಿಲ್ಲ. ಆ ನಾಲ್ಕು ತಿಂಗಳನ್ನು ಅವರು ನನಗೆ ಕ್ಷಮಿಸಿಲ್ಲ, ಕ್ಷಮಿಸಲಿ ಎಂದು ನಾನು ಕೇಳಿಯೂ ಇಲ್ಲ.

ಮೊನ್ನೆ ಮತ್ತೆ ಖಂಡೇ ಪೂಜೆ ಬಂತು. ಹಿಂದಿನ ದಿನ ಸಂಜೆ ಅತ್ತೆ ಈಳಿಗೆ ತೊಳೆಯುತ್ತಿದ್ದರು, ನಾನು ಹೂ ಕಟ್ಟುತ್ತಿದ್ದೆ. ಫೋನು ಬಂತು.

“ಮೇಡಮ್ಮಾರ, ನಾ ಫಕ್ಕೀರವ್ವರಿ. ಈ ವರ್ಷ ಪಟ್ಟಿಗೆ ಪೂಜಾ ಮಾಡ್ಲ್ಯೋ ಬ್ಯಾಡೋ? ಕಂಪನ್ಯಾಗ ಕೇಳಿದ್ರ ಗವಾಕ್ಷಿಗೆ ಬರದೀವಿ, ಉತ್ತರಾ ಬಂದಿಲ್ಲ ಅಂತಾರ. ಓಣ್ಯಾಗ ಎಲ್ಲಾರೂ ನಿಮ್ಮನ್ನ ಕೇಳು ಅಂದ್ರು.”

ನಾನು ಬಾಯಿ ಬಿಡುವಂತಿರಲಿಲ್ಲ. ಒಂದು ಮಾತು ಆಡಿದರೆ ಅದು ಸೂಚನೆ. ಆಡದಿದ್ದರೆ ಇವರು ನಾಳೆ ಮತ್ತೆ ಬಿಚ್ಚಿಡುತ್ತಾರೆ. ನಲವತ್ತೊಂದು ದೇಶಗಳು ಕೂಡಿ ಕಟ್ಟಿದ ಬುದ್ಧಿ ಒಂದು ಕುಂಕುಮದ ಬೊಟ್ಟಿಗೆ ಇನ್ನೂ ಉತ್ತರ ಹುಡುಕುತ್ತಿತ್ತು. ಅತ್ತೆ ಈಳಿಗೆ ಕೆಳಗಿಟ್ಟು ನನ್ನ ಮುಖ ನೋಡಿದರು.

“ತೋಳಿನ ಮ್ಯಾಲ ಇದ್ದಾಗನ ಕುಂಕಮಾ ಹಚ್ಚವಾ,” ಎಂದೆ. “ಮ್ಯಾಲಿನ ಮಗ್ಗಲಿಗೆ. ಬಿಚ್ಚಬ್ಯಾಡ.”

ಆ ಕಡೆ ಅವಳು ನಕ್ಕಳು. “ಇಷ್ಟ ಏನ್ರಿ! ಹೋದ ವರ್ಷಾ ಹಿಂಗ ಬರದಿದ್ರ ಆಗತಿತ್ತಲ್ರಿ.”

“ಹೌದವಾ. ಆಗತಿತ್ತು.”

“ಆತ ಬಿಡ್ರಿ, ಎಲ್ಲಾರಿಗೂ ಹೇಳತೀನಿ,” ಎಂದಳು ಫಕ್ಕೀರವ್ವ. ಆಮೇಲೆ ದನಿ ಇಳಿಸಿ, “ನಿಮ್ಮ ಹೆಸರ ಮಾತ್ರ ಹೇಳಂಗಿಲ್ರಿ,” ಎಂದಳು.